ಬೈರಮ್ಮನ ಸಂತೆ ಊಟ

ನನ್ನ ಸೋದರಮಾವ ಚಿಕ್ಕಸ್ವಾಮಿ ನಲವತ್ತು ವರ್ಷ ಒಂದು ಶುಕ್ರವಾರವೂ ತಪ್ಪಿಸದೆ ಬೇವಿನಕಟ್ಟೆ ಸಂತೆಗೆ ಹೋದವನು. ಹಾಗಂತ ಅವನಿಗೆ ಸಂತೆ ಗೊತ್ತಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ. ನೆಂಟರ ಮನೆಗೆ ಹೋಗುವವನ ಹಾಗೆ ಹೋಗುತ್ತಿದ್ದ. ಒಗೆದ ಪಂಚೆ, ಹೆಗಲ ಮೇಲೆ ಟವಲು, ಬಸ್ಸಿಳಿದರೆ ಸೀದಾ ನಾಗರಾಜುವಿನ ಬೋಂಡದ ಅಂಗಡಿ. ಅಲ್ಲಿ ಬೆಂಚಿನ ಮೇಲೆ ಕೂತು ನಾಲ್ಕು ಮೆಣಸಿನಕಾಯಿ ಬೋಂಡ, ಒಂದು ತಟ್ಟೆ ಚಿತ್ರಾನ್ನ, ಮೇಲೊಂದು ಟೀ. ಆಮೇಲೆ ಅದೇ ಬೆಂಚಿನಲ್ಲಿ ಮಳೆ, ಕಬ್ಬು, ಎಲೆಕ್ಷನ್ನು. ಕೊಳ್ಳುವ ಕೆಲಸವೆಲ್ಲ ಅವನ ಹೆಂಡತಿ, ನಮ್ಮ ಬೈರತ್ತೆಯದು. ಅವಳು ಎರಡು ಚೀಲ ತುಂಬಿಸಿಕೊಂಡು ಬೆಂಚಿನ ಮುಂದೆ ಬಂದು ನಿಂತರೆ ಇವನು ಎದ್ದು ಒಂದು ಚೀಲ ಎತ್ತಿಕೊಳ್ಳುತ್ತಿದ್ದ. ಹಗುರದ್ದು ಯಾವುದು ಅಂತ ನೋಡಿಯೇ ಎತ್ತುತ್ತಿದ್ದ ಎಂಬುದು ನನ್ನ ಅನುಮಾನ.

ಏಳುವ ಮುಂಚೆ ಮಾತ್ರ ಹೆಂಡತಿಗೆಂದು ಒಂದು ಪೊಟ್ಟಣ ಖಾರಾಪುರಿ ಕಟ್ಟಿಸುವುದನ್ನು ಮರೆಯುತ್ತಿರಲಿಲ್ಲ. ‘ತಗೊ, ತಿನ್ನು’ ಅಂತ ಕೊಟ್ಟರೆ ಅವಳು ತಲೆಯಾಡಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಆ ಖಾರಾಪುರಿ ಕೊನೆಗೆ ಯಾರ ಹೊಟ್ಟೆ ಸೇರುತ್ತಿತ್ತು ಎನ್ನುವುದು ಮಾವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಹೊಟ್ಟೆ.

ತೊಂಬತ್ತೆರಡರಲ್ಲಿ ನನಗೆ ಅವರ ಊರಿನ ಪ್ರೈಮರಿ ಸ್ಕೂಲಿಗೆ ಕೆಲಸ ಆಯಿತು. ಮೇಲುಕೋಟೆ ಬೆಟ್ಟದ ಕೆಳಗಿನ ಊರು, ಪಾಂಡವಪುರ ತಾಲ್ಲೂಕು. ಬೇರೆ ಮನೆ ಯಾಕೆ ಮಾಡುತ್ತೀಯ, ನಮ್ಮಲ್ಲೇ ಇರು ಎಂದು ಅತ್ತೆ ನನ್ನ ಟ್ರಂಕನ್ನು ತಾನೇ ಎತ್ತಿ ಒಳಗಿಟ್ಟಳು. ಮೂರು ವರ್ಷ ಅವಳ ಕೈಯಲ್ಲಿ ಉಂಡೆ. ಸ್ಕೂಲಿಂದ ಬರುವಷ್ಟರಲ್ಲಿ ಏನಾದರೊಂದು ಮುಚ್ಚಿಟ್ಟಿರುತ್ತಿದ್ದಳು. ನನಗೆ ಹುರುಳಿಕಾಳಿನ ಬಸ್ಸಾರು ಆಗದು, ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿ ಜಾಸ್ತಿ ಇರಬೇಕು, ಮುದ್ದೆ ಚಿಕ್ಕದಿರಬೇಕು, ಎಲ್ಲ ಎರಡನೇ ವಾರಕ್ಕೇ ಅವಳಿಗೆ ಗೊತ್ತಾಗಿತ್ತು. ಅವಳಿಗೆ ಏನು ಆಗುತ್ತದೆ, ಏನು ಆಗದು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಬಿ.ಎ. ಓದಿದವಳು ನಾನು.

ಆ ಮನೆಯಲ್ಲಿ ಮೊದಲು ಮಾವ ಉಣ್ಣಬೇಕು. ಅವನು ಕೈ ತೊಳೆದ ಮೇಲೆ ನಾನು. ನಾವಿಬ್ಬರೂ ಎದ್ದ ಮೇಲೆ ಅತ್ತೆ ಒಲೆಯ ಹತ್ತಿರ, ಗೋಡೆ ಕಡೆ ಮುಖ ಮಾಡಿಕೊಂಡು ಅದೇನೋ ಬೇಗ ಬೇಗ ತಿಂದು ಮುಗಿಸುತ್ತಿದ್ದಳು. ಮಾವ ಹೊಲದಿಂದ ಬರುವುದು ಮಧ್ಯಾಹ್ನ ಮೂರಾದರೆ ಅವಳದೂ ಮೂರೂವರೆ. ಇದನ್ನು ಯಾರೂ ನಿಯಮ ಅಂತ ಮಾಡಿರಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುವುದನ್ನು ಯಾರು ನಿಯಮ ಮಾಡಿದ್ದಾರೆ.

ಅತ್ತೆಯ ತೌರು ಶ್ರೀರಂಗಪಟ್ಟಣದ ಕಡೆ, ಹೊಳೆ ದಂಡೆಯ ಒಂದು ಸಣ್ಣ ಊರು. ಅವರ ಹಿತ್ತಲಲ್ಲಿ ನಿಂತರೆ ಕರಿಘಟ್ಟದ ದೇವಸ್ಥಾನ ಕಾಣುತ್ತಿತ್ತಂತೆ. ಹೊಳೆ ನೀರು ಕುಡಿದು, ಹೊಳೆ ಮೀನು ತಿಂದು ಬೆಳೆದ ಹುಡುಗಿಯನ್ನು ಹದಿನೇಳಕ್ಕೆ ಈ ಒಣ ನೆಲಕ್ಕೆ ಕೊಟ್ಟರು. ಮೊದಲ ಹತ್ತು ವರ್ಷ ಯಾವಾಗಲಾದರೂ ತೌರಿನಿಂದ ಮೀನು ಬಂದರೆ ಸಾರು ಮಾಡುತ್ತಿದ್ದಳು. ಮಗ ತಿಮ್ಮರಾಜುವಿಗೆ ಮೂರು ವರ್ಷ ಇದ್ದಾಗ ವಿಷಮಶೀತ ಜ್ವರ ಬಂದು ಉಳಿಯುವುದು ಕಷ್ಟ ಎನ್ನುವಂತಾಯಿತು. ಮಾವ ಮೇಲುಕೋಟೆ ಬೆಟ್ಟ ಹತ್ತಿ ಚೆಲುವರಾಯನ ಮುಂದೆ ನಿಂತು, ಮಗ ಉಳಿದರೆ ನಮ್ಮ ಮನೆಯಲ್ಲಿ ಇನ್ನು ಮೀನು ಮಾಂಸ ಬೇಯುವುದಿಲ್ಲ ಎಂದು ಹರಕೆ ಹೊತ್ತ. ಮಗ ಉಳಿದ. ಮಾವನಿಗೆ ಮೊದಲಿಂದಲೂ ಮೀನಿನ ವಾಸನೆ ಆಗುತ್ತಿರಲಿಲ್ಲ, ಮಾಂಸವೂ ಅಷ್ಟಕ್ಕಷ್ಟೇ. ಹರಕೆ ಹೊತ್ತವನು ಅವನು, ತೀರಿಸಿದವಳು ಅವಳು. ಉಳಿದ ಮಗ ತಿಮ್ಮರಾಜು ಈಗ ಬಸ್ ಕಂಡಕ್ಟರು, ನಾಗಮಂಗಲದಲ್ಲಿ ಸಂಸಾರ. ಬೆಳ್ಳೂರು ಕ್ರಾಸಿನ ಹೋಟೆಲುಗಳಲ್ಲಿ ಅವನು ತಿಂದ ಕೋಳಿಗೆ ಲೆಕ್ಕವಿಲ್ಲ. ದೇವರು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಅತ್ತೆಗೆ ಇದ್ದ ಒಂದೇ ಒಂದು ಚಟ ಎಲೆ ಅಡಿಕೆ. ಅದೂ ಸಂತೆ ದಿನ ಮಾತ್ರ. ಶುಕ್ರವಾರ ಸಾಯಂಕಾಲ ಬಾಯಿ ಕೆಂಪು ಮಾಡಿಕೊಂಡು ಬರುತ್ತಿದ್ದಳು, ಉಳಿದ ಆರು ದಿನ ಮುಟ್ಟುತ್ತಿರಲಿಲ್ಲ. ‘ನಮ್ಮೋಳ್ಗೆ ಅದೊಂದು ಆಸೆ ಕಣವ್ವ, ತಿನ್ಲಿ ಬುಡು’ ಎಂದು ಮಾವ ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳುತ್ತಿದ್ದ.

ತೊಂಬತ್ತೈದರ ಸಂಕ್ರಾಂತಿ ಕಳೆದ ವಾರ ಅತ್ತೆ ಕೊಟ್ಟಿಗೆಯಲ್ಲಿ ಬಿದ್ದಳು. ಸಗಣಿ ಬುಟ್ಟಿ ತಲೆಗೆ ಎತ್ತುವಾಗ ಬಲಗೈ ಜಾರಿತು, ಜಾರಿದ್ದು ಮತ್ತೆ ಮೇಲೇಳಲಿಲ್ಲ. ಬಲಗಾಲೂ ಹಾಗೇ. ಬಾಯಿ ಒಂದು ಕಡೆ ಎಳೆದುಕೊಂಡು ಮಾತು ನಿಂತುಹೋಯಿತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾ ಹನ್ನೆರಡು ದಿನ ಇಟ್ಟುಕೊಂಡು ಕಳಿಸಿದರು. ಲಕ್ವ ಹೊಡೆದಿದೆ, ಗಂಟಲಿಗೇನೂ ಆಗಿಲ್ಲ, ನುಂಗುತ್ತಾರೆ, ಚೆನ್ನಾಗಿ ತಿನ್ನಿಸಿ, ಶಕ್ತಿ ಬಂದರೆ ಮಾತೂ ಬರಬಹುದು ಎಂದರು. ತಿನ್ನಿಸಿದರೆ ಬದುಕುತ್ತಾಳೆ ಎಂದಷ್ಟೇ ಮಾವನ ಕಿವಿಗೆ ಬಿತ್ತು.

ಅವಳು ತಿನ್ನಲಿಲ್ಲ. ನಡುಮನೆಯ ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದರೆ ಕೂರುತ್ತಿದ್ದಳು. ನೀರು ಕೊಟ್ಟರೆ ಕುಡಿಯುತ್ತಿದ್ದಳು. ತುತ್ತು ತುಟಿಯ ಹತ್ತಿರ ಹೋದರೆ ಮಾತ್ರ ಬಾಯಿ ಬಿಗಿ. ಮಾವ ಬೆಳಿಗ್ಗೆ ಎದ್ದವನೇ ತಟ್ಟೆ ಹಿಡಿದು ಅವಳ ಮುಂದೆ ಕೂರುತ್ತಿದ್ದ. ಅನ್ನ ಹಾಲು, ರಾಗಿ ಗಂಜಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಅಕ್ಕಪಕ್ಕದವರು ಕಡುಬು ತಂದರು, ಒತ್ತುಶಾವಿಗೆ ತಂದರು. ಎಡಗೈಯಲ್ಲಿ ಮೆಲ್ಲಗೆ ತಟ್ಟೆಯನ್ನು ಅವನ ಕಡೆಗೇ ತಳ್ಳುತ್ತಿದ್ದಳು. ಅವನಿಗೆ ಅಳು ಬರುತ್ತಿತ್ತು. ಹಿತ್ತಲಿಗೆ ಹೋಗಿ ಬಾವಿಕಟ್ಟೆ ಮೇಲೆ ಕೂತು, ಅವಳು ಬಿಟ್ಟದ್ದನ್ನು ಕದ್ದು ತಿನ್ನುವವನ ಹಾಗೆ ಎರಡು ತುತ್ತು ನುಂಗಿ ಬರುತ್ತಿದ್ದ. ಅವಳು ತಿನ್ನದೆ ಇರುವಾಗ ಅವಳ ಎದುರಿಗೆ ಹೇಗೆ ತಿನ್ನುವುದು ಎನ್ನುವುದು ಅವನ ಸಂಕಟ.

ಮನೆಗೆ ಬಂದ ಎಂಟನೇ ದಿನಕ್ಕೆ ಅವಳ ಕೊರಳಿನ ಮೂಳೆ ಎದ್ದು ಕಾಣತೊಡಗಿತು. ಅವತ್ತು ಗುರುವಾರ. ಮಾವ ಬಾವಿಕಟ್ಟೆಯಿಂದ ಬಂದು ನನ್ನ ಮುಂದೆ ನಿಂತ.

“ಅನು, ನಿಮ್ಮತ್ತೆಗೆ ಏನ್ ತಿಂದ್ರೆ ಇಷ್ಟ?”

“ನೀನೇಳು ಮಾವ. ನಲವತ್ತು ವರ್ಸ ಸಂಸಾರ ಮಾಡ್ದೋನು ನೀನು.”

“ನಂಗೊತ್ತಿಲ್ಲ ಕಣವ್ವ.”

ಸಿಟ್ಟು ನೆತ್ತಿಗೇರಿತು. ಬೈಯಬೇಕು ಎಂದು ಬಾಯಿ ತೆರೆದೆ. ನನಗೂ ಗೊತ್ತಿಲ್ಲ ಎನ್ನುವುದು ಆಗ ನೆನಪಾಗಿ ಬಾಯಿ ಮುಚ್ಚಿಕೊಂಡೆ. ತಿಮ್ಮರಾಜುವನ್ನು ಕೇಳಿದರೆ, ಅವ್ವ ಎಲ್ಲಾನೂ ತಿಂತಿದ್ಲು ಅಂದ. ಅವಳ ಒಬ್ಬಳೇ ತಂಗಿ ತೀರಿಕೊಂಡು ಐದು ವರ್ಷ. ಯಾರನ್ನು ಕೇಳುವುದು? ಕೊನೆಗೆ ಮಾವ, “ಎಲೆ ಅಡ್ಕೆ ಇಷ್ಟ” ಅಂದ. ಅಷ್ಟಾದರೂ ಗೊತ್ತಿದ್ದುದಕ್ಕೆ ಅವನ ಮುಖದಲ್ಲಿ ಒಂಚೂರು ಬೆಳಕು ಬಂತು. ಪಕ್ಕದ ಮನೆಯಿಂದ ಎಲೆ ತಂದು ಕೊಟ್ಟ. ಅವಳು ಅದನ್ನು ಗುರುತು ಸಿಗದ ವಸ್ತುವಿನ ಹಾಗೆ ನೋಡಿ ಪಕ್ಕಕ್ಕಿಟ್ಟಳು.

“ಸಂತೆ ಎಲೇನೇ ಆಗ್ಬೇಕೇನೊ” ಅಂದ ಮಾವ. “ನಾಳೆ ಶುಕ್ರವಾರ. ನೀನೂ ಬಾರವ್ವ. ಅವ್ಳು ಎಲ್ಲಿ ಏನ್ ತಗತ್ತಿದ್ಲೊ ನಂಗೊಂದೂ ತಿಳ್ಯಾಕಿಲ್ಲ.”

ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ, ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಹೋದೆ.

ಬೇವಿನಕಟ್ಟೆ ಸಂತೆ ದೊಡ್ಡದೇನಲ್ಲ. ಆದರೆ ನಾಲ್ಕು ಕಡೆಯ ಮಾಲು ಬರುತ್ತದೆ. ಕೆ.ಆರ್.ಪೇಟೆ ಕಡೆಯ ಅವರೆಕಾಯಿ, ನಾಗಮಂಗಲದ ಹುರುಳಿ ಮತ್ತು ಎಳ್ಳು, ಪಾಂಡವಪುರದ ಬೆಲ್ಲ. ಗೋಣಿತಾಟಿನ ಮೇಲೆ ರಾಶಿ ರಾಶಿ ಸುರಿದುಕೊಂಡು ಕೂತಿರುತ್ತಾರೆ. ಅವತ್ತು ಮಾವ ನಾಗರಾಜುವಿನ ಬೆಂಚಿನ ಕಡೆ ತಿರುಗಲೂ ಇಲ್ಲ. ಚೀಲ ಹಿಡಿದು ಸಂತೆಯ ಒಳಕ್ಕೆ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟ. ಜನ ಅವನ ಎರಡೂ ಕಡೆಯಿಂದ ನುಗ್ಗಿ ಹೋಗುತ್ತಿದ್ದರು. ಯಾವ ಸಾಲು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಬೋಂಡದ ಅಂಗಡಿಯಿಂದ ಆಚೆಗೆ ಅವನು ಬಂದದ್ದೇ ಇಲ್ಲ.

ಮೊದಲು ಸಿಕ್ಕಿದ್ದು ಮೆಣಸಿನಕಾಯಿ, ಬೆಳ್ಳುಳ್ಳಿ ಮಾರುವ ಸಿದ್ದರಾಜು. ಮಾವ ಬೆಲೆ ಕೇಳಿದ, ಹೇಳಿದಷ್ಟಕ್ಕೇ ಹೂಂ ಎಂದ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡು ಸಿದ್ದರಾಜುವಿಗೇ ಕಸಿವಿಸಿಯಾಯಿತು. ತೂಕ ಮಾಡಿ ಚೀಲಕ್ಕೆ ಸುರಿದ ಮೇಲೂ ಮಾವ ಸುಮ್ಮನೆ ನಿಂತಿದ್ದಾನೆ. ಕೊಸರು ಕೇಳಬೇಕು ಎನ್ನುವುದೂ ಅವನಿಗೆ ಗೊತ್ತಿಲ್ಲ. ಸಿದ್ದರಾಜು ನನ್ನ ಮುಖ ನೋಡಿ, “ಇವ್ರು ಬೈರಮ್ಮನ ಯಜಮಾನ್ರಲ್ವಾ” ಎಂದ. ಹೌದು ಎಂದೆ. ವಿಷಯ ಹೇಳಿದೆ. ಅವನು ಎರಡೂ ಕೈ ತುಂಬ ಬೆಳ್ಳುಳ್ಳಿ ಎತ್ತಿ ಚೀಲಕ್ಕೆ ಹಾಕಿ, “ಅವ್ವನ ಕೊಸರು” ಎಂದ.

“ಅವ್ಳು ಅವ್ಳಿಗೆ ಅಂತ ಏನ್ ತಗತ್ತಿದ್ಲಪ್ಪ?” ಮಾವ ಕೇಳಿದ.

ಸಿದ್ದರಾಜು ಯೋಚಿಸಿದ. “ಅವ್ರಿಗೆ ಅಂತ ನಮ್ತಾವ ಏನೂ ತಗಳ್ನಿಲ್ಲ ಕಣಣ್ಣ. ನಮ್ಮೋರ್ಗೆ ಖಾರ ಆಗಾಕಿಲ್ಲ, ಸಪ್ಪೆ ಮೆಣಸಿನಕಾಯಿ ನೋಡಾಕು ಅನ್ನೋರು. ಮಗಳು ಬೆಳ್ಳುಳ್ಳಿ ತಿಂತಾಳೆ, ದಪ್ಪಂದು ಆಯ್ಕೊಡು ಅನ್ನೋರು.”

ಮಗಳು ಅಂದರೆ ನಾನು. ತಲೆ ತಗ್ಗಿಸಿ ಚೀಲದ ಬಾಯಿ ಸರಿಮಾಡಿಕೊಂಡೆ.

ತರಕಾರಿಯವಳು, ಬೆಲ್ಲದವನು, ಕಾಳಿನವನು, ಎಲ್ಲರನ್ನೂ ಮಾವ ಅದೇ ಪ್ರಶ್ನೆ ಕೇಳಿದ. ಎಲ್ಲರಿಗೂ ಬೈರಮ್ಮ ಗೊತ್ತು. ಎಲ್ಲರೂ ಅವಳ ಬಾಯಿಂದ ನಮ್ಮ ನಮ್ಮ ರುಚಿ ಕೇಳಿದ್ದವರು. ಬೆಲ್ಲದವನಂತೂ ತಿಮ್ಮರಾಜುವಿಗೆ ಯಾವ ಅಚ್ಚು ಇಷ್ಟ ಎಂದು ತೆಗೆದೇ ತೋರಿಸಿದ. ಮಾವ ಒಬ್ಬೊಬ್ಬರ ಮುಂದೆ ನಿಂತು ಕೇಳುವುದು, ಅವರು ತಲೆ ಅಲ್ಲಾಡಿಸುವುದು. ನನಗೆ ಸಾಕಾಗಿಹೋಗಿತ್ತು. ಇಷ್ಟು ವರ್ಷ ಕೂತು ಬೋಂಡ ತಿಂದವನು ಇವತ್ತು ನಡೆಯಲಿ ಎಂಬ ಕೆಟ್ಟ ಯೋಚನೆಯೂ ಬಂತು. ಆದರೆ ಅವನು ಚೀಲವನ್ನು ಕೈ ಬದಲಿಸಿಕೊಂಡು ಮುಂದಿನ ರಾಶಿಯ ಕಡೆ ಹೋಗುವುದನ್ನು ನೋಡಿದರೆ ಹಾಗೆ ಯೋಚಿಸುತ್ತಲೇ ಇರುವುದಕ್ಕೂ ಆಗಲಿಲ್ಲ.

ಕೊನೆಗೆ ಎಲೆ ಮಾರುವ ಮುದುಕಿಯ ಹತ್ತಿರ ಬಂದೆವು. ಮಾವ ಒಂದು ಕಟ್ಟು ಎಲೆ ಎತ್ತಿಕೊಂಡ.

“ಬೈರಮ್ಮಂಗೆ ಎಲೆ ಅಂದ್ರೆ ಇಷ್ಟ. ಯಾವ್ದು ಕೊಡ್ತಿದ್ದೆ ಅದನ್ನೇ ಕೊಡವ್ವ. ಊಟ ಬುಟ್ಬುಟ್ಟವಳೆ.”

ಮುದುಕಿ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. ಮಾವನನ್ನು ನೋಡಿದಳು, ನನ್ನನ್ನು ನೋಡಿದಳು. ಹೇಳಲೋ ಬೇಡವೋ ಎನ್ನುವುದು ಅವಳ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

“ಅವ್ಳಿಗೆ ಎಲೆ ಇಷ್ಟ ಅಲ್ಲ ಕಣಪ್ಪ. ವಾಸ್ನೆ ಓಗ್ಲಿ ಅಂತ ಆಕ್ಕತ್ತಿದ್ಲು.”

“ಯಾವ್ ವಾಸ್ನೆ?”

ಮುದುಕಿ ಗದ್ದ ಎತ್ತಿ ಸಂತೆಯ ಆ ತುದಿಯ ಹುಣಸೆ ಮರದ ಕಡೆ ತೋರಿಸಿ, ಮತ್ತೆ ನೀರು ಚಿಮುಕಿಸತೊಡಗಿದಳು.

ಹುಣಸೆ ಮರದ ಕೆಳಗೆ ಇದ್ದದ್ದು ಮೀನಿನ ಊಟದ ಜಾಗ. ಮೂರು ಕಲ್ಲಿನ ಒಲೆ, ಮಣ್ಣಿನ ಮಡಕೆಯಲ್ಲಿ ಸಾರು, ಒಂದು ತಟ್ಟೆ ತುಂಬ ಹುರಿದ ಮೀನು, ಹಿಂದುಗಡೆ ಮರೆಗೆ ಕಟ್ಟಿದ ತಡಿಕೆ. ಮಾವ ಇಪ್ಪತ್ತು ಮಾರು ದೂರದಲ್ಲೇ ಟವಲನ್ನು ಮೂಗಿಗೆ ಒತ್ತಿಕೊಂಡ. ಆದರೂ ನಿಲ್ಲಲಿಲ್ಲ. ಒಲೆಯ ಮುಂದೆ ಕೂತಿದ್ದ ಹೆಂಗಸು ಅವನನ್ನು ನೋಡಿದ್ದೇ ಸೌಟು ಕೆಳಗಿಟ್ಟು ಎದ್ದುನಿಂತಳು. ಅವಳ ಹೆಸರು ಮಂಚಮ್ಮ ಎಂದು ಆಮೇಲೆ ತಿಳಿಯಿತು. ಅವಳಿಗೆ ಮಾವನ ಗುರುತು ಚೆನ್ನಾಗಿತ್ತು. ಮಾವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ.

“ಬೈರಮ್ಮ ಇಲ್ಗೆ ಬರ್ತಿದ್ಲಾ?” ಮಾವ ಕೇಳಿದ.

“ಯಾವ್ ಬೈರಮ್ಮ? ನಂಗೊತ್ತಿಲ್ಲ ಕಣ್ರಪ್ಪ.”

ಅವಳು ಸುಳ್ಳು ಹೇಳುತ್ತಿದ್ದಳು. ಆ ಸುಳ್ಳಿಗೆ ನನಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ನಾನೇ ಮುಂದೆ ಹೋಗಿ, ಅತ್ತೆಗೆ ಲಕ್ವ ಹೊಡೆದದ್ದು, ಮಾತು ನಿಂತದ್ದು, ಒಂದಗುಳೂ ತಿನ್ನದೆ ಇರುವುದು ಎಲ್ಲ ಹೇಳಿದೆ. ಮಂಚಮ್ಮ ಅಲ್ಲೇ ಕುಕ್ಕರಿಸಿ ಕೂತು ಸೆರಗು ಬಾಯಿಗೆ ಇಟ್ಟುಕೊಂಡಳು. ಮೂರು ವಾರದಿಂದ ಬರಲಿಲ್ಲ, ಮನೆಯಲ್ಲಿ ಗೊತ್ತಾಗಿ ಬಿಡಿಸಿರಬೇಕು ಎಂದುಕೊಂಡಿದ್ದಳಂತೆ.

“ನಾನೂ ಅವ್ಳೂ ಒಂದೇ ಊರೋರು ಕಣವ್ವ. ನಾವು ಬೆಸ್ತ್ರು. ನಮ್ಮಪ್ಪ ಬಲೆ ಎತ್ತೋವತ್ಗೆ ಇವ್ಳು ಓಡ್ಬಂದು ದಡದಲ್ಲಿ ನಿಂತಿರೋಳು. ಇಪ್ಪತ್ತೆರಡು ವರ್ಸದಿಂದ ಈ ಸಂತೆಗೆ ಬತ್ತಿವ್ನಿ. ಮೊದಲ್ನೇ ವಾರನೇ ವಾಸ್ನೆ ಇಡ್ಕಂಡು ಬಂದ್ಬುಟ್ಲು.”

“ಇಪ್ಪತ್ತೆರಡು ವರ್ಸ” ಎಂದ ಮಾವ. ಟವಲು ಮೂಗಿನಿಂದ ಜಾರಿತ್ತು.

“ತಡ್ಕೆ ಇಂದ್ಗಡೆ ಕೂತ್ಕಂಡು ಉಣ್ಣೋಳು. ಒಂದು ಮುದ್ದೆ, ಎಲ್ಡು ತುಂಡು. ತಲೆ ಅಂದ್ರೆ ಪ್ರಾಣ. ಬಂದ ತಕ್ಷಣ ಉಂಡ್ಬುಡ್ತಿದ್ಲು ಅಂತ ತಿಳ್ಕಬ್ಯಾಡಿ ಗೌಡ್ರೆ. ಮೊದ್ಲು ನನ್ ಗಂಡನ್ನ ಬೋಂಡದಂಗ್ಡಿ ತಾವ ಕಳ್ಸೋಳು. ನಮ್ಮೋರು ಉಂಡ್ರಾ ನೋಡ್ಕಬಾ ಅಂತ. ನೀವು ಉಂಡು ಟೀ ಕುಡುದ್ರಿ ಅಂತ ಗೊತ್ತಾದ್ಮೇಲೇ ಮುದ್ದೆಗೆ ಕೈ ಇಕ್ಕೋಳು.”

ಮಾವ ಹುಣಸೆ ಮರದ ಬೇರಿನ ಮೇಲೆ ಕೂತುಬಿಟ್ಟ. ಅವನು ಈಗ ಕೂಗಾಡುತ್ತಾನೆ, ಹರಕೆ ಕೆಡಿಸಿದಳು ಎನ್ನುತ್ತಾನೆ ಎಂದು ನಾನು ಕಾದೆ. ಹಾಗೇನಾದರೂ ಅಂದಿದ್ದರೆ ಅಷ್ಟೂ ಜನರ ಎದುರಿಗೆ ಅವನಿಗೆ ಹೇಳಬೇಕಾದ್ದನ್ನು ಹೇಳಿಯೇ ಬಿಡುತ್ತಿದ್ದೆ. ಅವನು ಟವಲನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ಮಂಚಮ್ಮನ ಕಡೆ ತಿರುಗಿ, “ಇವತ್ತು ತಲೆ ಅದಾ?” ಎಂದು ಕೇಳಿದ.

ತಲೆ ಇತ್ತು. ಮಂಚಮ್ಮ ತನ್ನ ಊಟದ ಸಿಲಾವರದ ಡಬ್ಬಿಯನ್ನೇ ತೊಳೆದು, ಒಂದು ತಲೆ, ಎರಡು ತುಂಡು, ಮೇಲೆ ಸಾರು ಹಾಕಿ, ಮುದ್ದೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಕೊಟ್ಟಳು. ಕಾಸು ಮುಟ್ಟಲಿಲ್ಲ. “ಮುಳ್ಳು ಬುಡ್ಸಿ ಕೊಡ್ರಪ್ಪ” ಎಂದು ಎರಡು ಸಲ ಹೇಳಿದಳು.

ಬಸ್ಸಿನಲ್ಲಿ ಮಾವ ಡಬ್ಬಿಯನ್ನು ತೊಡೆಯ ಮೇಲಿಟ್ಟು ಟವಲು ಮುಚ್ಚಿಕೊಂಡು ಕೂತ. ಸಂತೆ ಬಸ್ಸು, ಅರ್ಧ ನಮ್ಮೂರಿನವರೇ. ವಾಸನೆ ಟವಲಿಗೆ ನಿಲ್ಲುವುದೇ? ಹಿಂದಿನ ಸೀಟಿನಿಂದ ಕರಿಯಯ್ಯ, ಮಾವನ ವಾರಿಗೆಯವನು, ಮುಂದಕ್ಕೆ ಬಗ್ಗಿದ.

“ಏನ್ಲಾ ಸ್ವಾಮಿ, ನಿನ್ತಾವ ಮೀನ್ ವಾಸ್ನೆ.”

“ಊಂ ಕಣ್ಲಾ, ಮೀನೆ” ಎಂದ ಮಾವ. “ನನ್ನೆಂಡ್ತಿಗೆ.”

ಮುಂದಿನ ಸೀಟಿನವರೂ ತಿರುಗಿ ನೋಡಿದರು. ಮೂವತ್ತು ವರ್ಷದಿಂದ ಊರಿಗೆಲ್ಲ ಗೊತ್ತಿದ್ದ ಹರಕೆ ಅದು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಆ ಹೊತ್ತಿನಲ್ಲಿ ಅವನು ನನ್ನ ಮಾವ ಎನ್ನುವುದಕ್ಕೆ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮನೆಗೆ ಬಂದಾಗ ಮೂರು ಗಂಟೆ. ಮಾವ ಡಬ್ಬಿ ಹಿಡಿದು ಹೊಸಿಲಿನ ಹತ್ತಿರ ಒಂದು ಗಳಿಗೆ ನಿಂತ, ಬೆಟ್ಟದ ಕಡೆ ನೋಡಿ ಏನೋ ಗೊಣಗಿದ, ಒಳಗೆ ಬಂದ. ಅತ್ತೆಯ ಊಟದ ತಟ್ಟೆಯನ್ನೇ ಹುಡುಕಿ ತಂದ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಡಬ್ಬಿಯ ಮುಚ್ಚಳ ತೆಗೆದ.

ಅವಳ ಮೂಗಿಗೆ ಮೊದಲು ತಿಳಿಯಿತು. ಕಣ್ಣು ಅರಳಿತು. ಮರುಗಳಿಗೆ ಅವಳು ಮಾವನ ಮುಖ ನೋಡಿದಳು, ಅಲ್ಲಿಗೆ ಎಲ್ಲ ಮುಗಿಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಎಡಗೈಯಿಂದ ಮುಖ ಮುಚ್ಚಿಕೊಂಡಳು. ಗಂಟಲಿನಿಂದ ಏನೋ ಸದ್ದು ಬಂತು, ಅದು ಮಾತಲ್ಲ. ಬೆರಳುಗಳ ಸಂದಿಯಿಂದ ನೀರು ಇಳಿಯಿತು.

“ನಂಗೆ ಸಿಟ್ಟಿಲ್ಲ ಕಣೆ” ಎಂದ ಮಾವ. “ಮಂಚಮ್ಮ ಎಲ್ಲಾ ಯೇಳುದ್ಲು. ಸಿಟ್ಟಿಲ್ಲ ಬುಡು. ತಿನ್ನು.”

ತುತ್ತು ಮಾಡಿ ಹಿಡಿದ. ಅವಳು ಬಾಯಿ ಬಿಗಿದಳು. 

“ನಿನ್ ಕಾಲಿಗ್ ಬೀಳ್ತೀನಿ ಕಣೆ. ಒಂದು ತುತ್ತು.”

ಅವಳು ತಲೆಯನ್ನು ಗೋಡೆ ಕಡೆ ತಿರುಗಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳಿಗೆ ಇಷ್ಟವಾದದ್ದು ತಟ್ಟೆಯಲ್ಲಿದೆ, ಅವಳ ಹೊಟ್ಟೆ ಒಂಬತ್ತು ದಿನದಿಂದ ಖಾಲಿಯಿದೆ, ಎರಡರ ನಡುವೆ ಒಂದು ಗೇಣು ದೂರ, ಅದನ್ನು ದಾಟಿಸಲು ಮೂವರಲ್ಲಿ ಯಾರಿಗೂ ಆಗುತ್ತಿಲ್ಲ. ನನಗೆ ಅಳು ಬಂತು. ಯಾರ ಮೇಲೆ ಸಿಟ್ಟಾಗಬೇಕೋ ಅದೂ ತಿಳಿಯಲಿಲ್ಲ.

ಆಗ ಮಾವ ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡ.

ಯೋಚಿಸಿ ಮಾಡಿದ್ದಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ಕೈ ಸೋತು ಹಾಕಿಕೊಂಡ. ನೋಡು, ನಾನೂ ತಿಂದೆ, ಇನ್ನು ನಿನ್ನದೇನು ತಪ್ಪು ಎನ್ನುವ ಹಾಗೆ. ವಾಕರಿಕೆ ಬಂತು, ಕಣ್ಣು ಮುಚ್ಚಿ ನುಂಗಿದ. ಎರಡನೇ ತುತ್ತಿಗೆ ಮುಳ್ಳು ಸಿಕ್ಕಿತು. ಮೀನು ತಿಂದು ಗೊತ್ತಿಲ್ಲದವನು, ಬಾಯಿ ತೆರೆದುಕೊಂಡು ಬೆರಳು ಹಾಕಿ ಹುಡುಕುತ್ತಾ ಕೆಮ್ಮುತ್ತಾ ಒದ್ದಾಡಿದ.

ಅತ್ತೆ ಗೋಡೆಯಿಂದ ಈ ಕಡೆ ತಿರುಗಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಡಗೈ ಚಾಚಿ ತಟ್ಟೆಯನ್ನು ತನ್ನ ಹತ್ತಿರ ಎಳೆದುಕೊಂಡಳು. ಉಣ್ಣುವ ಅನ್ನಕ್ಕೆ ಎಡಗೈ ತಾಗಿದರೆ ಆ ಮನೆಯಲ್ಲಿ ತಟ್ಟೆಯನ್ನೇ ಎತ್ತಿಬಿಡುತ್ತಿದ್ದರು. ಇವತ್ತು ಯಾರೂ ಏನೂ ಅನ್ನಲಿಲ್ಲ. ತುಂಡನ್ನು ಎರಡು ಬೆರಳಲ್ಲಿ ಒತ್ತಿ, ಸೀಳಿ, ಮುಳ್ಳನ್ನು ಒಂದೊಂದಾಗಿ ಎಳೆದು ತಟ್ಟೆಯ ಅಂಚಿಗೆ ಇಡತೊಡಗಿದಳು. ಬಿಡಿಸಿದ ಮೀನನ್ನು ಮುದ್ದೆಯ ಪಕ್ಕಕ್ಕೆ ಸರಿಸಿ, ಮಾವನಿಗೆ ಬೆರಳಲ್ಲಿ ತೋರಿಸಿದಳು.

ಮಾವ ಅದನ್ನು ಎತ್ತಿ ಅವಳ ಬಾಯಿಗೆ ಹಿಡಿದ. ಅವಳು ಅವನ ಮಣಿಕಟ್ಟು ಹಿಡಿದು ಅವನ ಬಾಯಿಗೇ ತಿರುಗಿಸಿದಳು. ಮತ್ತೆ ಹಿಡಿದ, ಮತ್ತೆ ತಿರುಗಿಸಿದಳು. ಹೀಗೆ ತುತ್ತು ತುತ್ತಾಗಿ ಮಾವ ಇಡೀ ತಟ್ಟೆ ತಿಂದ. ಅಳುತ್ತಾ, ನುಂಗುತ್ತಾ, ಮುದ್ದೆ, ಎರಡು ತುಂಡು, ಕೊನೆಗೆ ಆ ತಲೆಯನ್ನೂ ಅವಳು ಹೇಗೆ ತೋರಿಸಿದಳೋ ಹಾಗೆ ಬಿಡಿಸಿಕೊಂಡು ತಿಂದ.

ತಟ್ಟೆ ಬರಿದಾಯಿತು. ಮಾವ ಲೋಟದ ನೀರಲ್ಲಿ ಕೈ ತೊಳೆದ. ಅವನು ಕೈ ತೊಳೆದದ್ದನ್ನು ನೋಡಿದ ಮೇಲೆ ಅತ್ತೆ ತಟ್ಟೆಯನ್ನು ಪೂರ್ತಿ ತನ್ನ ಮಡಿಲಿಗೆ ಎಳೆದುಕೊಂಡು, ಅಂಚಿಗೆ ಅಂಟಿದ್ದ ಸಾರನ್ನು ಎಡಗೈ ಬೆರಳಲ್ಲಿ ಬಳಿದು ಬಾಯಿಗೆ ಇಟ್ಟುಕೊಂಡಳು. ಮತ್ತೆ ಬಳಿದಳು. ಏನೂ ಸಿಗಲಿಲ್ಲ. ಡಬ್ಬಿಯ ಕಡೆ ನೋಡಿದಳು.

ಆಗ ನನಗೆ ತಿಳಿಯಿತು. ಒಂಬತ್ತು ದಿನ ನಾವು ಅವಳಿಗೆ ಮೊದಲು ತಿನ್ನಿಸಲು ನೋಡಿದ್ದೆವು. ನಲವತ್ತು ವರ್ಷ ಗಂಡ ಕೈ ತೊಳೆಯುವ ತನಕ ಅನ್ನ ಮುಟ್ಟದವಳು, ಅವನು ಉಂಡದ್ದನ್ನು ಕಣ್ಣಾರೆ ನೋಡದೆ ಹೇಗೆ ಬಾಯಿ ತೆರೆದಾಳು? ಅವನೋ ಅವಳ ಕಣ್ಣು ತಪ್ಪಿಸಿ ಬಾವಿಕಟ್ಟೆಯಲ್ಲಿ ತಿನ್ನುತ್ತಿದ್ದ. ಅವಳ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ದ. ಪ್ರತಿದಿನ ಅವಳು ತಟ್ಟೆಯನ್ನು ಅವನ ಕಡೆ ತಳ್ಳುತ್ತಿದ್ದದ್ದನ್ನು ನಾನೂ ನೋಡಿದ್ದೆ, ಬೇಡ ಎನ್ನುತ್ತಿದ್ದಾಳೆ ಎಂದುಕೊಂಡಿದ್ದೆ.

“ಅನು, ಇನ್ನೊಂಚೂರು ಅದಾ ನೋಡವ್ವ” ಎಂದ ಮಾವ. ಡಬ್ಬಿ ಬಗ್ಗಿಸಿ ನೋಡಿದೆ. ಇರಲಿಲ್ಲ. ಒಂಬತ್ತು ದಿನದ ಮೇಲೆ ಅವಳಿಗೆ ಹಸಿವಾಗಿತ್ತು, ಅವಳ ಊಟವೆಲ್ಲ ಮಾವನ ಹೊಟ್ಟೆಯಲ್ಲಿತ್ತು. ಅವನು ಎದೆ ಎದೆ ಬಡಿದುಕೊಂಡ. ಮನೆಯ ಅನ್ನ ತಂದು ಕೊಟ್ಟರೆ ನಾಲ್ಕು ತುತ್ತು ತಿಂದಳು, ಅಷ್ಟೇ.

ಮರುದಿನ ಮಾವ ಮೊದಲ ಬಸ್ಸಿಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಮೀನು ತಂದ. ಮಾಡುವುದು ಹೇಗೆಂದು ಬಲ್ಲವಳು ಮಂಚದ ಮೇಲಿದ್ದಳು, ಅವಳಿಗೆ ಮಾತಿರಲಿಲ್ಲ. ನಾನು ಮಾಡಿದ ಸಾರನ್ನು ಮೂಸಿ ನೋಡಿ ಅವಳ ಎಳೆದ ಬಾಯಿ ಇನ್ನೂ ಒಂದು ಕಡೆಗೆ ಹೋಯಿತು. ನಕ್ಕಳು ಎಂದುಕೊಂಡಿದ್ದೇನೆ. ಮಾವ ಮೊದಲು ಉಂಡು ತೋರಿಸುತ್ತಿದ್ದ, ಆಮೇಲೆ ಅವಳು ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದಳು. ಆದರೆ ತಡವಾಗಿತ್ತು. ದೇಹ ಆಗಲೇ ಸೋತಿತ್ತು. ಅವಳು ಇನ್ನು ಮೂರು ಸಂತೆ ಇದ್ದಳು. ಮೂರು ಶುಕ್ರವಾರವೂ ಮಾವ ಮಂಚಮ್ಮನಿಂದ ಎರಡು ಡಬ್ಬಿ ತಂದ, ಒಂದು ಅವನಿಗೆ, ಒಂದು ಅವಳಿಗೆ. ಅವನದಕ್ಕೂ ಅವಳೇ ಮುಳ್ಳು ಬಿಡಿಸಿದಳು.

ಹನ್ನೊಂದನೇ ದಿನದ ತಿಥಿಗೆ ಎಡೆ ಇಡಬೇಕು. ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆ ತುಂಬ ಬಡಿಸಿ ಇಡುತ್ತಾರೆ. ಅವರು ಉಂಡರು ಎನ್ನುವ ತನಕ ಬದುಕಿರುವವರು ಯಾರೂ ಅನ್ನ ಮುಟ್ಟುವ ಹಾಗಿಲ್ಲ. ಮಂಚಮ್ಮ ಬೆಳಿಗ್ಗೆಯೇ ಬಂದು ಹಿತ್ತಲಲ್ಲಿ ಒಲೆ ಹೂಡಿ ಸಾರು ಮಾಡಿದ್ದಳು. ತೋಟದಲ್ಲಿ ಅವಳನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಬಾಳೆ ಎಲೆ ಹಾಸಿ ನೆಂಟರೆಲ್ಲ ಸುತ್ತ ನಿಂತರು. ಮುದ್ದೆ, ಸಾರು, ಮೀನಿನ ತಲೆ ಬಡಿಸಿದರು. ಊರಿನ ಹಿರಿಯ ಚಿಕ್ಕಮಾದಯ್ಯ ಕರ್ಪೂರ ಹಚ್ಚಲು ಬಗ್ಗಿದ.

“ತಡೀರಿ” ಎಂದ ಮಾವ.

ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಂಡ.

“ಏನ್ಲಾ ಮಾಡ್ತಿದ್ದೀಯ, ಎಡೆ ಎಂಜ್ಲು ಮಾಡ್ತೀಯಾ?” ಚಿಕ್ಕಮಾದಯ್ಯ ಅವನ ತೋಳು ಹಿಡಿದ. ತಿಮ್ಮರಾಜು, “ಅಪ್ಪ, ಬುಡು” ಎಂದು ಭುಜ ಹಿಡಿದ. ಹೆಂಗಸರ ಕಡೆಯಿಂದ ಗುಸುಗುಸು ಎದ್ದಿತು.

ಮಾವ ನಿಧಾನವಾಗಿ ಅಗಿದ. ಮುಳ್ಳು ಸಿಕ್ಕಿತೋ ಏನೋ, ಬೆರಳು ಹಾಕಿ ತೆಗೆದು ಎಲೆಯ ಅಂಚಿಗೆ ಇಟ್ಟ. ನುಂಗಿದ. ಚೊಂಬಿನ ನೀರಲ್ಲಿ, ಮಣ್ಣಿನ ಗುಡ್ಡೆಗೆ ಕಾಣುವ ಹಾಗೆ ಕೈ ಚಾಚಿ ತೊಳೆದುಕೊಂಡ.

“ನಾನುಣ್ಣದೆ ಅವ್ಳು ಉಣ್ಣಾಕಿಲ್ಲ ಕಣಣ್ಣ” ಎಂದು ಎದ್ದ. “ಈಗ ಕರ್ಪೂರ ಅಚ್ಚು.”